ಒಂದು ದವಡೆ ಹಲ್ಲಿಗೆ ಮೂರು ಊರು

ಪಾತ್ರೆ ಕೊಳ್ಳಲು ಬಂದವರೆಲ್ಲ ಮೊದಲು ಅದನ್ನು ಬೆರಳಗಂಟಿನಿಂದ ಒಮ್ಮೆ ಬಡಿದು ನೋಡುತ್ತಾರೆ. ಬಂಟ್ವಾಳದ ಪೇಟೆಯಲ್ಲಿ ಪಾತ್ರೆಯಂಗಡಿ ಇಟ್ಟುಕೊಂಡು ಕುಳಿತ ನಾನು ಈ ನಾದಪರೀಕ್ಷೆಗೆ ದಿನಕ್ಕೆ ಹತ್ತಾರು ಬಾರಿ ಸಾಕ್ಷಿಯಾಗುತ್ತೇನೆ. ಎಂಥ ಸದ್ದು ಬಂದರೆ ಒಳ್ಳೆಯದು, ಎಂಥದು ಬಂದರೆ ಕೆಟ್ಟದ್ದು ಎಂದು ಬಡಿಯುವವರಲ್ಲಿ ಬಹುಪಾಲು ಜನರಿಗೆ ತಿಳಿದಿರುವುದಿಲ್ಲ. ಆದರೂ ತಲೆಯನ್ನು ಒಂದಿಷ್ಟು ಓರೆ ಮಾಡಿ, ಸಂಗೀತ ಕಛೇರಿಯ ಮುಂದಿನ ಸಾಲಿನ ರಸಿಕರಂತೆ ಕಣ್ಣು ಕಿರಿದಾಗಿಸಿ, "ಹ್ಞಾಂ, ಎಷ್ಟು?" ಎನ್ನುತ್ತಾರೆ. ಅವರು ಬಡಿಯುವುದು ಪಾತ್ರೆಯ ಹೊಟ್ಟೆಗೆ. ದೋಷವೇನಾದರೂ ಇದ್ದರೆ ಅದು ಇರುವುದು ತಳದಲ್ಲಿ. ಇದು ನನಗೆ ಗೊತ್ತು. ಗೊತ್ತಿದ್ದೂ ಹೇಳುತ್ತಿರಲಿಲ್ಲ, ಕೇಳದೆ ಹೇಳುವುದು ವ್ಯಾಪಾರಿಯ ಕೆಲಸವೇ ಎಂದು ಸುಮ್ಮನಿರುತ್ತಿದ್ದೆ. ಮೂರು ಊರಿನ ಮೂವರು ವೈದ್ಯರು ನನ್ನ ಹಲ್ಲುಗಳನ್ನು ಇದೇ ರೀತಿ ಬಡಿದು ನೋಡುವ ತನಕ ಈ ಮೌನವ್ರತಕ್ಕೆ ಭಂಗ ಬಂದಿರಲಿಲ್ಲ.

ನಾನು ತಂದೆಯ ಆಸ್ತಿಯಿಂದ ಮೇಲೆ ಬಂದವನಲ್ಲ. ಸೈಕಲಿನ ಹಿಂದೆ ಅಲ್ಯೂಮಿನಿಯಂ ಪಾತ್ರೆಗಳ ಗೋಪುರ ಕಟ್ಟಿಕೊಂಡು ನರಿಕೊಂಬಿನಿಂದ ಪುಂಜಾಲಕಟ್ಟೆಯವರೆಗೆ ಮನೆಮನೆ ತಿರುಗಿದವನು. ಆ ತಿರುಗಾಟದ ವಿಶ್ವವಿದ್ಯಾನಿಲಯ ನನಗೆ ಎರಡು ಸೂತ್ರಗಳನ್ನು ದಯಪಾಲಿಸಿತು. ಮೊದಲನೆಯದು, ಬೇಕಾದ ವಸ್ತುವಿನ ಮೇಲೆ ಕಣ್ಣು ನಿಲ್ಲಿಸಬಾರದು; ನಿಲ್ಲಿಸಿದರೆ ಬೆಲೆ ಏರುತ್ತದೆ. ಎರಡನೆಯದು, ಒಂದು ಬೇಕಿದ್ದರೂ ಇಡೀ ರಾಶಿಯ ದರ ಕೇಳಬೇಕು. ಆಮೇಲೆ ಅದೇ ದರದಲ್ಲಿ ಒಂದನ್ನು ಎತ್ತಿಕೊಂಡು ಬರಬೇಕು. ಈ ಸೂತ್ರದ್ವಯದಿಂದ ನಾನು ಅಂಗಡಿ ಕಟ್ಟಿದೆ, ಮನೆ ಕಟ್ಟಿದೆ, ಮನೆಯ ಬಾವಿಗೆ ಕಲ್ಲನ್ನೂ ಕಟ್ಟಿಸಿದೆ. ನೀವೂ ಬೇಕಾದರೆ ಬರೆದಿಟ್ಟುಕೊಳ್ಳಿ. ಆದರೆ ಕೊನೆಯವರೆಗೆ ಓದಿಯೇ ಬರೆದಿಟ್ಟುಕೊಳ್ಳಿ.

ಮೊಬೈಲು ಹೊಸದಾಗಿ ಬಂದು, ಬಂದ ಕರೆಗೂ ದುಡ್ಡು ಹೋಗುತ್ತದೆಂದು ಜನ ಅದನ್ನು ಎತ್ತಲು ಹೆದರುತ್ತಿದ್ದ ಕಾಲ. ಒಂದು ಸಂಜೆ ಹಲಸಿನ ಹಪ್ಪಳ ಕಡಿಯುವಾಗ ಬಲಗಡೆಯ ಕೆಳದವಡೆಯಲ್ಲಿ ಏನೋ ಮಿಂಚಿತು. ಮರುದಿನದಿಂದ ಬಿಸಿ ಚಹಾ ಒಂದು ಯಾತನೆ, ತಣ್ಣೀರು ಇನ್ನೊಂದು ಯಾತನೆ. ವಾರ ಕಳೆಯುವಷ್ಟರಲ್ಲಿ ನನ್ನ ಬಲಗೈ ಗಲ್ಲಾಪೆಟ್ಟಿಗೆಗಿಂತ ಹೆಚ್ಚು ಹೊತ್ತು ಬಲಗೆನ್ನೆಯ ಮೇಲಿರತೊಡಗಿತು. ಹಾಗೆ ಕೆನ್ನೆ ಹಿಡಿದುಕೊಂಡೇ ಬಂಟ್ವಾಳದ ಹಲ್ಲಿನ ಡಾಕ್ಟರರ ಬಳಿ ಹೋದೆ. ಅವರು ಸಣ್ಣ ಕನ್ನಡಿಯ ಹಿಡಿಯಿಂದ ಹಲ್ಲುಗಳನ್ನು ಒಂದೊಂದಾಗಿ ಬಡಿದರು, ಅಂಚೆಚೀಟಿಯಷ್ಟು ದೊಡ್ಡ ಎರಡು ಎಕ್ಸ್‌ರೇ ತೆಗೆದರು, "ಒಂದು ಹಲ್ಲು ಹಾಳಾಗಿದೆ, ಬೇರೆ ಕೆಲವು..." ಎಂದು ಬಾಯಿ ತೆರೆಯುವಷ್ಟರಲ್ಲಿ ನನ್ನೊಳಗಿನ ವ್ಯಾಪಾರಿ ಎದ್ದು ಕುಳಿತ.

"ಎಲ್ಲ ಒಟ್ಟಿಗೆ ಮಾಡಿದ್ರೆ ಎಷ್ಟಾಗ್ತದೆ ಡಾಕ್ಟ್ರೇ? ಒಂದೊಂದರ ಲೆಕ್ಕ ಬೇಡ."

ಡಾಕ್ಟರು ಒಂದು ಕ್ಷಣ ನನ್ನನ್ನು ನೋಡಿದರು, ಆಮೇಲೆ ಪೆನ್ನು ತೆಗೆದು ಬರೆಯತೊಡಗಿದರು. ಎರಡು ಹಲ್ಲಿಗೆ ರೂಟ್ ಕೆನಾಲ್, ಮೂರಕ್ಕೆ ಕ್ಯಾಪ್, ಒಂದನ್ನು ಕೀಳುವುದು. ಕೊನೆಯ ಸಾಲಿನಲ್ಲಿ ಹದಿನೆಂಟು ಸಾವಿರ. ಆ ಹಣಕ್ಕೆ ಆಗ ಓಡುವ ಸ್ಥಿತಿಯಲ್ಲಿದ್ದ ಹಳೆಯ ಸ್ಕೂಟರೊಂದು ಬರುತ್ತಿತ್ತು.

ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಕಂಗೆಡಿಸಿದ್ದು ಕೀಳುವುದೆಂಬ ಆ ಒಂದು ಪದ. ನನ್ನ ತಂದೆಗೆ ನಲವತ್ತೈದರ ಆಸುಪಾಸಿನಲ್ಲಿ ಒಂದು ಹಲ್ಲು ಕೀಳಿಸಬೇಕಾಯಿತು. ಒಂದರ ಹಿಂದೆ ಇನ್ನೊಂದು ಹೋಗಿ, ಐವತ್ತಕ್ಕೆ ಬಾಯಿ ಬರಿದಾಯಿತು. ಊಟದಲ್ಲಿ ಅಷ್ಟು ರುಚಿವಂತರಾಗಿದ್ದ ಮನುಷ್ಯ ಆಮೇಲೆ ಮದುವೆಮನೆಗಳಲ್ಲಿ ಪಂಕ್ತಿಯ ತುತ್ತತುದಿಯಲ್ಲಿ ಗೋಡೆಗೆ ಮುಖಮಾಡಿ ಕುಳಿತು, ಸಾರನ್ನ ಕಲಸಿ ನುಂಗಿ, ಎಲ್ಲರಿಗಿಂತ ಮೊದಲು ಏಳುತ್ತಿದ್ದರು. ನಗುವಾಗ ಶಾಲಿನ ತುದಿ ಬಾಯಿಗೆ ಬರುತ್ತಿತ್ತು. ಕ್ರಮೇಣ ನಗುವುದನ್ನೇ ಬಿಟ್ಟರು. ಆ ಗೋಡೆಯ ಪಕ್ಕದ ಜಾಗ ನನಗಾಗಿ ಕಾದಿದೆಯೇ ಎಂಬ ಭಯ ಆ ದಿನ ನನ್ನ ಜೊತೆ ಅಂಗಡಿಯವರೆಗೂ ನಡೆದುಕೊಂಡು ಬಂತು.

ಪಕ್ಕದ ಬಟ್ಟೆಯಂಗಡಿಯ ಹಮೀದಾಕ ಚೀಟಿ ನೋಡಿ ಹುಬ್ಬೇರಿಸಿದರು. "ಎಂತ ಶೆಟ್ರೆ, ಇದು ಹಲ್ಲಿನದ್ದಾ, ಮನೆ ರಿಪೇರಿಯದ್ದಾ? ಒಂದು ಲುಂಗಿಗೆ ಮೂರು ಅಂಗಡಿ ಹತ್ತುವ ಜನ ನೀವು. ಮೂಡುಬಿದಿರೆಯಲ್ಲಿ ಒಬ್ಬ ಹೊಸ ಡಾಕ್ಟ್ರು ಬಂದಿದ್ದಾನಂತೆ, ಅಲ್ಲಿ ಒಮ್ಮೆ ಕೇಳಿ ಮಾರಾಯ್ರೆ!"

ಎರಡನೆಯ ಅಭಿಪ್ರಾಯ ಪಡೆಯುವುದು ಸರಿಯಾದ ಕೆಲಸವೇ; ಅದನ್ನು ನಾನು ಪಡೆಯಲು ಹೋದ ರೀತಿ ಮಾತ್ರ ನನ್ನಂಥವನಿಗೇ ಸಾಧ್ಯ. ಮೊದಲ ಅಂಗಡಿಯ ದರವನ್ನು ಎರಡನೆಯ ಅಂಗಡಿಯಲ್ಲಿ ಬಾಯಿಬಿಡಬಾರದೆಂಬ ವೃತ್ತಿಧರ್ಮದಂತೆ ಚೀಟಿಯನ್ನೂ ಎಕ್ಸ್‌ರೇಗಳನ್ನೂ ಗಲ್ಲಾಪೆಟ್ಟಿಗೆಯ ಕೆಳಗೆ ಅಡಗಿಸಿಟ್ಟೆ. ಬಂಟ್ವಾಳದಲ್ಲಿ ಬೆಲೆ ಏರಿದ್ದಕ್ಕೆ ಕಾರಣ ನಾನು ಕೆನ್ನೆ ಹಿಡಿದುಕೊಂಡು ಹೋದದ್ದು ಎಂಬ ಸಂಶೋಧನೆಯನ್ನೂ ಮಾಡಿದೆ. ಬೇಕೆಂಬುದು ಮುಖದಲ್ಲೇ ಕಂಡರೆ ಯಾರು ತಾನೆ ದರ ಇಳಿಸುತ್ತಾರೆ? ಹಾಗಾಗಿ ಬೆಳಿಗ್ಗೆ ನೋವಿನ ಮಾತ್ರೆಯೊಂದನ್ನು ನುಂಗಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೂಡುಬಿದಿರೆಯ ಬಸ್ಸು ಹತ್ತಿದೆ. ದಾರಿಯ ಪ್ರತಿ ಹೊಂಡವೂ ನನ್ನ ದವಡೆಯನ್ನು ಹೆಸರು ಹಿಡಿದು ಕರೆಯಿತು. ನಾನು ಕಿಟಕಿಯ ಹೊರಗೆ ನೋಡುತ್ತ ಮುಗುಳ್ನಗುವುದನ್ನು ಅಭ್ಯಾಸ ಮಾಡಿದೆ.

ಆ ಡಾಕ್ಟರು ಬಹಳ ಸಾಧು ಹುಡುಗ. "ಎಂತ ತೊಂದರೆ?" ಎಂದು ಕೇಳಿದ.

"ತೊಂದರೆ ಅಂತ ಏನಿಲ್ಲ. ಈ ಕಡೆ ಬಂದಿದ್ದೆ, ಒಮ್ಮೆ ತೋರಿಸಿ ಹೋಗುವ ಅಂತ."

ಅವನು ಬಡಿಯತೊಡಗಿದ. ಪ್ರತಿ ಹಲ್ಲಿಗೂ "ನೋವುಂಟಾ?" ಎಂಬ ಪ್ರಶ್ನೆ, ಪ್ರತಿ ಪ್ರಶ್ನೆಗೂ "ಇಲ್ಲ" ಎಂಬ ನನ್ನ ಉತ್ತರ. ಕೊನೆಗೆ ಆ ಹಲ್ಲಿನ ಸರದಿ ಬಂತು. ಟಕ್! ಮಾತ್ರೆಯ ಕೋಟೆಯನ್ನು ಭೇದಿಸಿಕೊಂಡು ನೋವು ನೆತ್ತಿಗೇರಿತು. ಎಡಗಣ್ಣಿನಿಂದ ಒಂದು ಹನಿ ಕೆಳಗಿಳಿಯಿತು.

"ಇಲ್ಲಿ ನೋವುಂಟಾ ಸರ್? ಕಣ್ಣಲ್ಲಿ ನೀರು ಬಂತಲ್ಲ?"

"ಅದು ಬಸ್ಸಿನ ಧೂಳು," ಎಂದೆ.

ಹಲ್ಲಿನ ಮೇಲ್ಭಾಗದಲ್ಲಿ ಕಾಣುವಂಥ ಹುಳುಕು ಇರಲಿಲ್ಲ. ರೋಗ ಇದ್ದದ್ದು ಬೇರಿನಲ್ಲಿ. ರೋಗಿಯೇ ಆರೋಗ್ಯವಂತನೆಂದು ಪ್ರಮಾಣ ಮಾಡುತ್ತಿರುವಾಗ ಪಾಪ ಆ ಹುಡುಗ ಎಕ್ಸ್‌ರೇ ಏಕೆ ತೆಗೆದಾನು? ಹಲ್ಲು ಕ್ಲೀನ್ ಮಾಡಿಸಿದರೆ ಸಾಕೆಂದ. ಇನ್ನೂರು ರೂಪಾಯಿಯಲ್ಲಿ ಅದೂ ಆಯಿತು. ಹದಿನೆಂಟು ಸಾವಿರದ ಕೋಟೆಯನ್ನು ಇನ್ನೂರಕ್ಕೆ ಗೆದ್ದ ಸೇನಾಧಿಪತಿಯಂತೆ ಊರಿಗೆ ಮರಳಿ ಹಮೀದಾಕನಿಗೆ ಚಹಾ ಕುಡಿಸಿದೆ. ನಾನು ಮಾತ್ರ ಕುಡಿಯಲಿಲ್ಲ, ಬಿಸಿಯಿತ್ತು.

ಐದನೆಯ ದಿನ ಬೆಳಿಗ್ಗೆ ಕನ್ನಡಿಯಲ್ಲಿ ನನ್ನ ಬದಲು ಬೇರೆ ಯಾರೋ ಇದ್ದರು. ಬಲಗೆನ್ನೆ ಎಳನೀರಿನಷ್ಟು ಊದಿತ್ತು, ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ, ಮೈ ಸುಡುತ್ತಿತ್ತು. ಹೆಂಡತಿ ನೋಡಿದವಳೇ ಒಳಗೆ ಹೋದಳು. ಸೀರೆ ಬದಲಿಸಿಕೊಂಡು ಬಂದಳು. ಬೆಳ್ತಂಗಡಿಯಲ್ಲಿ ಹಿರಿಯ ಡಾಕ್ಟರಮ್ಮ ಒಬ್ಬರಿದ್ದರು, ಅವಳ ತವರಿನವರೆಲ್ಲ ಹಲ್ಲಿಗೆ ಹೋಗುವುದು ಅಲ್ಲಿಗೇ. ಬಸ್ಸಿನಲ್ಲಿ ನಾನು ಹಲ್ಲು ಕಚ್ಚದೆಯೇ, ಏಕೆಂದರೆ ಕಚ್ಚುವ ಹಾಗಿರಲಿಲ್ಲ, ಅವಳಿಗೆ ತಂತ್ರ ವಿವರಿಸಿದೆ: ಮೊದಲೇ ಇಬ್ಬರಿಗೆ ತೋರಿಸಿದ್ದನ್ನು ಹೇಳುವುದು ಬೇಡ. ಪುಂಜಾಲಕಟ್ಟೆ ದಾಟಿದ ಮೇಲೆ ಅವಳು, "ನೀವಿನ್ನು ಬಾಯಿ ಮುಚ್ಚಿ ಮಾರಾಯ್ರೆ. ಹೇಗೂ ತೆರೆಯುವುದಿಲ್ಲ ಅಲ್ವಾ?" ಎಂದಳು.

ಡಾಕ್ಟರಮ್ಮನ ಎದುರು ಕುಳಿತದ್ದೇ ತಡ, ಅವಳು ಕೈಚೀಲದಿಂದ ಬಂಟ್ವಾಳದ ಚೀಟಿಯನ್ನೂ ಎರಡು ಎಕ್ಸ್‌ರೇಗಳನ್ನೂ ತೆಗೆದು ಮೇಜಿನ ಮೇಲಿಟ್ಟಳು. ಮಧ್ಯಾಹ್ನ ಅಂಗಡಿಯಲ್ಲಿ ಕುಳಿತುಕೊಳ್ಳುವವಳು ಅವಳೇ ಎಂಬುದನ್ನು ನಾನು ಮರೆತಿದ್ದೆ.

"ಇವರು ಹೇಳುವುದನ್ನು ಕೇಳ್ಬೇಡಿ ಡಾಕ್ಟ್ರೇ, ನಾನು ಹೇಳ್ತೇನೆ," ಎಂದು ಹಪ್ಪಳದಿಂದ ಹಿಡಿದು ಬಸ್ಸಿನ ಧೂಳಿನವರೆಗೆ ಸಕಲವನ್ನೂ ನಿವೇದಿಸಿದಳು. ಧೂಳಿನ ಸಂಗತಿಯನ್ನು ನಾನು ಹಮೀದಾಕನಿಗೆ ಮಾತ್ರ ಹೇಳಿದ್ದೆ. ಅಂಗಡಿಗಳ ನಡುವಿನ ಗೋಡೆ ತೆಳ್ಳಗಿದ್ದರೆ ಹೀಗಾಗುತ್ತದೆ. ಇದನ್ನು ಖಂಡಿತ ಬರೆದಿಟ್ಟುಕೊಳ್ಳಿ.

ಡಾಕ್ಟರಮ್ಮ ಎಕ್ಸ್‌ರೇಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಚೀಟಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ನೀವು ಬಂಟ್ವಾಳದಲ್ಲಿ ಅವರ ಹತ್ರ ಎಂತ ಕೇಳಿದ್ರಿ?"

"ಎಲ್ಲ ಒಟ್ಟಿಗೆ ಎಷ್ಟು ಅಂತ," ಎಂದೆ, ತುಟಿಯ ಎಡಮೂಲೆಯಿಂದ.

"ಹಾಗಾದ್ರೆ ಅವರು ಎಲ್ಲ ಒಟ್ಟಿಗೆ ಬರೆದುಕೊಟ್ಟಿದ್ದಾರೆ. ಈಗ ಬೇಕಾದದ್ದು, ಮುಂದೆ ಬೇಕಾಗಬಹುದಾದದ್ದು, ಮಾಡಿದರೆ ಒಳ್ಳೆಯದು ಅನ್ನುವಂಥದ್ದು, ಎಲ್ಲ. ಮೂಡುಬಿದಿರೆಯಲ್ಲಿ ನೀವು ಏನೂ ಇಲ್ಲ ಅಂದ್ರಿ, ಅವರು ಏನೂ ಇಲ್ಲ ಅಂದ್ರು. ಇಬ್ಬರೂ ನಿಮಗೆ ಸುಳ್ಳು ಹೇಳ್ಲಿಲ್ಲ. ನೀವು ಹೇಳಿದ್ದನ್ನೇ ನಿಮಗೆ ವಾಪಸು ಕೊಟ್ಟಿದ್ದಾರೆ."

ಹೆಂಡತಿ ಕಿಟಕಿಯತ್ತ ತಿರುಗಿದಳು. ಅವಳ ಭುಜಗಳು ಅಲುಗುತ್ತಿದ್ದವು. ಅಳುತ್ತಿರಲಿಲ್ಲವೆಂದು ಬೇರೆ ಹೇಳಬೇಕಿಲ್ಲ.

ನಾನು ಕೇಳಬೇಕಾಗಿದ್ದದ್ದು ಒಂದೇ ಪ್ರಶ್ನೆ. ಅದನ್ನು ದರದ ಪ್ರಶ್ನೆಯಾಗಿ ಕೇಳಲು ಮೊದಲ ಬಾರಿಗೆ ನನಗೆ ಮನಸ್ಸಾಗಲಿಲ್ಲ. "ಹಲ್ಲು ಹೋಗ್ತದಾ ಡಾಕ್ಟ್ರೇ?" ಎಂದೆ. ನಲವತ್ತಾರು ವರ್ಷದ ಗಂಡಸಿನ ದನಿ ಎರಡನೆಯ ತರಗತಿಗೆ ಇಳಿದಿತ್ತು. ತಂದೆಯ ಕಥೆಯನ್ನೂ, ಗೋಡೆಯ ಪಕ್ಕದ ಜಾಗವನ್ನೂ ಹೇಳಿದೆ. ಅದು ಹೆಂಡತಿಗೂ ಗೊತ್ತಿರಲಿಲ್ಲ. ಅವಳ ಭುಜಗಳು ನಿಂತವು.

ಡಾಕ್ಟರಮ್ಮ ಕನ್ನಡಿಯ ಹಿಡಿಯಿಂದ, ಬಾಯಿ ತೆರೆದಷ್ಟರಲ್ಲೇ, ಮೆಲ್ಲಗೆ ಬಡಿದರು. ಈ ಸಲ ನಾನು ಬಡಿತಕ್ಕೆ ಮೊದಲೇ ಕೂಗಿದೆ. ಅವರು ನಕ್ಕು, "ಈಗ ಸರಿಯಾದ ರೋಗಿ ಆದ್ರಿ," ಎಂದರು. ಮೊದಲು ಐದು ದಿನ ಔಷಧಿ, ಊತ ಇಳಿದ ಮೇಲೆ ಈ ಒಂದು ಹಲ್ಲಿಗೆ ರೂಟ್ ಕೆನಾಲ್, ಕ್ಯಾಪ್. ಇನ್ನೊಂದಕ್ಕೆ ಸಿಮೆಂಟು ತುಂಬಿಸಿದರೆ ಸಾಕು. ಉಳಿದವನ್ನು ವರ್ಷಕ್ಕೊಮ್ಮೆ ತೋರಿಸುತ್ತಿರಬೇಕು. ಕೀಳಬೇಕೆಂದು ಬರೆದಿದ್ದನ್ನು ಸದ್ಯಕ್ಕೆ ಕೀಳುವುದು ಬೇಡ. ಅದಕ್ಕೆ ಅವಸರವಿಲ್ಲ, ಕಾದು ನೋಡೋಣ ಎಂದರು.

ಇನ್ನು ಅವರ ಕೈಗೇ ನನ್ನ ದವಡೆಯನ್ನು ಒಪ್ಪಿಸಲು ನಾನು ಸಿದ್ಧನಾಗಿದ್ದೆ. ಆದರೆ ಅವರು ಕಾಗದದ ಮೇಲೆ ನಾಲ್ಕು ಸಾಲು ಬರೆದು ನನ್ನ ಮುಂದಿಟ್ಟರು. ಅದು ಬಂಟ್ವಾಳದ ಡಾಕ್ಟರರಿಗೆ ಬರೆದ ಪತ್ರ. "ನಾಲ್ಕೈದು ಸಲ ಹೋಗ್ಬೇಕಾಗ್ತದೆ. ಈ ನೋವಿನಲ್ಲಿ ಅಷ್ಟು ದೂರದಿಂದ ಬಸ್ಸು ಯಾಕೆ? ಅವರ ಕೈ ಒಳ್ಳೆಯದುಂಟು. ಎಲ್ಲಿ ನೋವು ಅಂತ ಸರಿಯಾಗಿ ಹೇಳಿ, ಸಾಕು."

ಕೈಗೆ ಬಂದ ಗಿರಾಕಿಯನ್ನು ಪಕ್ಕದ ಊರಿಗೆ ಕಳುಹಿಸಿಕೊಟ್ಟ ಅಂಗಡಿಯನ್ನು ನಾನು ನನ್ನ ಜೀವಮಾನದಲ್ಲಿ ಕಂಡಿರಲಿಲ್ಲ. ಫೀಸು ಎಷ್ಟೆಂದು ಕೇಳಿದೆ, ಐವತ್ತು ಎಂದರು, ಕೊಟ್ಟೆ. ಮೆಟ್ಟಿಲಿಳಿಯುವಾಗ ಹೆಂಡತಿ ನನ್ನ ಹಣೆ ಮುಟ್ಟಿ ನೋಡಿದಳು. "ಜ್ವರ ಜೋರುಂಟು. ನೀವು ಚೌಕಾಸಿ ಮಾಡ್ಲೇ ಇಲ್ಲ!"

ಬಂಟ್ವಾಳದ ಡಾಕ್ಟರು ಪತ್ರ ಓದಿ, ನಾಲ್ಕು ಸಲ ಕೂರಿಸಿ ಆ ಹಲ್ಲನ್ನು ಉಳಿಸಿಕೊಟ್ಟರು. ಒಟ್ಟು ದರ ಕೇಳಿದ್ದಕ್ಕೆ ಕ್ಷಮೆ ಕೇಳಿದಾಗ, "ನಿಮ್ಮ ಅಂಗಡಿಯಲ್ಲಿ ನಾನೂ ಹಾಗೇ ಕೇಳುವುದಲ್ವಾ?" ಎಂದರು. ಮೂಡುಬಿದಿರೆಯ ಹುಡುಗನಿಗೂ ಹೋಗಿ ಧೂಳಿನ ಸತ್ಯ ಹೇಳಿ ಬಂದೆ. ಇನ್ನು ಮುಂದೆ ಕಣ್ಣಲ್ಲಿ ನೀರು ಬಂದವರಿಗೆಲ್ಲ ತಪ್ಪದೆ ಎಕ್ಸ್‌ರೇ ತೆಗೆಯುತ್ತೇನೆಂದು ಅವನು ನಗುತ್ತ ಹೇಳಿದ. ನನ್ನ ಮೂರ್ಖತನ ಯಾರಿಗೋ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಮುಂದಿನ ಮದುವೆಯ ಊಟಕ್ಕೆ ನಾನು ಪಂಕ್ತಿಯ ನಟ್ಟನಡುವೆ ಕುಳಿತು ಹಪ್ಪಳವನ್ನು ಎರಡು ಬಾರಿ ಕೇಳಿ ಹಾಕಿಸಿಕೊಂಡೆ. ಪಕ್ಕದಲ್ಲಿ ತಂದೆಯವರಿಗೂ ಒಂದು ಎಲೆ ಹಾಕಿದ್ದಿದ್ದರೆ ಎಂದು ಒಂದು ಗಳಿಗೆ ಅನ್ನಿಸಿತು.

ಆದುದರಿಂದ ಸಲಹೆ: ದುಬಾರಿ ಚಿಕಿತ್ಸೆಗೆ ಎರಡನೆಯವರನ್ನು ಕೇಳಿ, ಧಾರಾಳವಾಗಿ ಕೇಳಿ. ಕೇಳುವಾಗ ಮೊದಲಿನವರ ಚೀಟಿಯನ್ನೂ ನಿಮ್ಮ ನೋವನ್ನೂ ಮೇಜಿನ ಮೇಲಿಡಿ. ಸಾಧ್ಯವಾದರೆ ಹೆಂಡತಿಯನ್ನು ಕರೆದುಕೊಂಡು ಹೋಗಿ.

ಹಲ್ಲು ಗಟ್ಟಿಯಾದ ಮೇಲೆ ನಾನೂ ಅವಳೂ ಬೆಳ್ತಂಗಡಿಗೆ ಹೋಗಿ, ಮುಚ್ಚಳವಿರುವ ಒಂದು ಒಳ್ಳೆಯ ಸ್ಟೀಲಿನ ಡಬ್ಬಿಯನ್ನು ಡಾಕ್ಟರಮ್ಮನ ಮೇಜಿನ ಮೇಲಿಟ್ಟೆವು. ಬೇಡಬೇಡವೆಂದವರು ಕೊನೆಗೆ ಕೈಗೆತ್ತಿಕೊಂಡು, ಅಭ್ಯಾಸಬಲದಿಂದಲೋ ತಮಾಷೆಗೋ, ಕನ್ನಡಿಯ ಹಿಡಿಯಿಂದ ಡಬ್ಬಿಯನ್ನು ಟಕ್ ಎಂದು ಬಡಿದು, "ಎಲ್ಲಿ ನೋವು?" ಎಂದರು.

"ಮುಚ್ಚಳ ಬಲಬದಿಯಲ್ಲಿ ಸ್ವಲ್ಪ ಬಿಗಿ ಉಂಟು ಡಾಕ್ಟ್ರೇ," ಎಂದುಬಿಟ್ಟೆ. ಗಿರಾಕಿ ಕಂಡುಹಿಡಿಯುವ ಮೊದಲೇ ನಾನು ನನ್ನ ಮಾಲಿನ ದೋಷ ಹೇಳಿದ್ದು ಅದೇ ಮೊದಲು.

ಈಗಲೂ ಅಂಗಡಿಗೆ ಬಂದವರು ಪಾತ್ರೆ ಎತ್ತಿಕೊಳ್ಳುತ್ತಾರೆ, ತಲೆ ಓರೆ ಮಾಡುತ್ತಾರೆ, ಹೊಟ್ಟೆಗೆ ಬಡಿಯುತ್ತಾರೆ. ನನ್ನ ನಾಲಗೆ ತನ್ನಷ್ಟಕ್ಕೇ ಬಲಗಡೆಯ ಆ ಕ್ಯಾಪಿನ ಮೇಲೆ ಒಮ್ಮೆ ಹಾದುಹೋಗುತ್ತದೆ. ಆಮೇಲೆ ಹೇಳುತ್ತೇನೆ: "ಅಲ್ಲಿ ಅಲ್ಲ ಅಕ್ಕ, ತಳಕ್ಕೆ ಬಡಿದು ನೋಡಿ."