ಒನ್ಸ್‌ಮೋರ್ ಇಲ್ಲದ ನಾಟಕ

ಸೋಮವಾರ ಬೆಳಿಗ್ಗೆ ಮೈಸೂರಿನಲ್ಲಿ ಅಪ್ಪನ ಗಂಟಲಿನ ಆಪರೇಷನ್ ಇತ್ತು. ಧ್ವನಿಪೆಟ್ಟಿಗೆ ತೆಗೆಯದೆ ಬೇರೆ ದಾರಿಯಿಲ್ಲ ಎಂದಿದ್ದರು ಡಾಕ್ಟರು. ಆಮೇಲೆ ಅಪ್ಪನಿಗೆ ಮಾತಿಲ್ಲ, ಹಾಡಿಲ್ಲ. ನನಗೆ ಇಲ್ಲಿ ಅಮೆರಿಕದಲ್ಲಿ ಸೆಮಿಸ್ಟರ್ ಪರೀಕ್ಷೆ. ಬರಕೂಡದು ಎಂದು ಅವನೇ ಕಡ್ಡಿ ಮುರಿದ ಹಾಗೆ ಹೇಳಿದ್ದ. ಭಾನುವಾರ ಯೂನಿಯನ್ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ ಗೋಡೆ ನೋಡುತ್ತ ಕೂತಿದ್ದವಳನ್ನು ರೂಮ್‌ಮೇಟು ಎಳೆದುಕೊಂಡು ಹೋಗಿ ರೈಲು ಹತ್ತಿಸಿದಳು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಧ್ಯಾಹ್ನದ ನಾಟಕಕ್ಕೆ ಟಿಕೆಟ್ ತೆಗೆದಿದ್ದಳಂತೆ. ಇಂಥ ದಿನ ನಾಟಕ ಬೇರೆ ಕೇಡು ಎಂದು ಅವಳ ಮೇಲೆ ರೇಗಿದೆ. ಆದರೂ ಹೋದೆ.

ಮಂಡ್ಯದ ನಮ್ಮ ಕಡೆ ಪೌರಾಣಿಕ ನಾಟಕವೆಂದರೆ ಅಪ್ಪನಿಗೆ ಪ್ರಾಣ. ಅವನ ಪಾತ್ರ ಯಾವಾಗಲೂ ಕೊನೆಯಲ್ಲಿ ಸಾಯುವಂಥದು. ಸಾಯುವ ಮುಂಚೆ ಒಂದು ಹಾಡು. ಜನ 'ಒನ್ಸ್‌ಮೋರ್' ಎಂದು ಕೂಗಿದರೆ ಸತ್ತು ಬಿದ್ದಿದ್ದ ಅಪ್ಪ ಎದ್ದು, ಕಿರೀಟ ಸರಿಮಾಡಿಕೊಂಡು, ಹಾರ್ಮೋನಿಯಂ ಮೇಷ್ಟ್ರ ಕಡೆ ನೋಡಿ, ಮತ್ತೆ ಹಾಡಿ ಮತ್ತೆ ಸಾಯುತ್ತಿದ್ದ. ಯಾರು ಕೇಳಿದರೂ ಇಲ್ಲ ಎಂದವನಲ್ಲ. ಚಿಕ್ಕವಳಿದ್ದಾಗ ಅಪ್ಪ ಏಳಲಿ ಅಂತಲೇ ನಾನು ಗಂಟಲು ಹರಿಯುವಂತೆ ಕೂಗುತ್ತಿದ್ದೆ.

ಇಲ್ಲಿಯ ನಾಟಕದಲ್ಲೂ ಮುದುಕನೊಬ್ಬ ಹಾಡುತ್ತಲೇ ಸತ್ತ. ಜನ ಪಿಟಕ್ಕೆನ್ನದೆ ಕೂತಿದ್ದರು. ಆ ಕೂಗು ನನ್ನ ಬಾಯಿತನಕ ಬಂತು, ನುಂಗಿಕೊಂಡೆ. ದೀಪ ಹತ್ತಿದಾಗ ಅವನು ಎದ್ದು, ಬಗ್ಗಿ ನಮಸ್ಕರಿಸಿ ಒಳಗೆ ಹೋದ. ಎಲ್ಲರೂ ನಿಂತು ಚಪ್ಪಾಳೆ ತಟ್ಟಿದರು. ನಾನು ಕೂತಲ್ಲೇ ಅತ್ತುಬಿಟ್ಟೆ.

ಹೊರಗೆ ಬಂದವಳೇ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಜಾವ. ಆಸ್ಪತ್ರೆಯ ಮಂಚದಲ್ಲಿ ಅಪ್ಪ ಎದ್ದು ಕೂತಿದ್ದ. ಎಲ್ಲಿದ್ದೀಯೆ ಎಂದ. ಹೇಳಿದೆ. ಆಪರೇಷನ್ ಸುದ್ದಿ ಬಿಟ್ಟು ನಾಟಕದ ಸುದ್ದಿಯನ್ನೇ ಕೆದಕಿ ಕೆದಕಿ ಕೇಳಿದ.

"ಒನ್ಸ್‌ಮೋರ್ ಅನ್ನಾಕಿಲ್ವಾ ಅಲ್ಲಿ?"

"ಇಲ್ಲಪ್ಪ."

"ಪಾಪ. ಸತ್ತೋನು ಹಂಗೇ ಹೋದ್ನಾ ಮಗಾ?"

ನಕ್ಕ, ಕೆಮ್ಮಿದ. ಆಮೇಲೆ ನಾನು ಕೇಳದೆಯೇ ತನ್ನ ಆ ಕೊನೆಯ ಹಾಡಿನ ಒಂದು ಸಾಲು ಹಾಡಿದ. ಧ್ವನಿ ಒಡೆದಿತ್ತು, ಶ್ರುತಿ ಮಾತ್ರ ತಪ್ಪಲಿಲ್ಲ. ಹಾಡಿ ಸುಮ್ಮನಾದ. ಕಾಯುತ್ತಿದ್ದಾನೆ ಎಂದು ಗೊತ್ತಾಯಿತು. ಆ ಒಂದು ಮಾತು ಅಂದಿದ್ದರೆ ಸಾಕಿತ್ತು, ಅಷ್ಟು ನೋವಿನಲ್ಲೂ ಮತ್ತೆ ಹಾಡಿಯೇಬಿಡುತ್ತಿದ್ದ. ಅದಕ್ಕೇ ನಾನು ಅನ್ನಲಿಲ್ಲ.

"ಮಲಕ್ಕೊ ಅಪ್ಪ," ಎಂದೆ.

ಈಗ ಫೋನಿನಲ್ಲಿ ನಾನೊಬ್ಬಳೇ ಮಾತಾಡುತ್ತೇನೆ. ಆ ಕಡೆ ಅಪ್ಪ ಕೇಳಿಸಿಕೊಳ್ಳುತ್ತಾನೆ.