ಒಬ್ಬನನ್ನು ಬಿಟ್ಟು ಎಲ್ಲರಿಗೂ ಫೋನು

ಟ್ವೈಲಾ ಒಳ್ಳೆಯ ಹೆಂಗಸು ಎಂದು ಎಲ್ಮ್‌ಫೋರ್ಕ್ ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕುಡಿತ ಬಿಟ್ಟು ಆರು ವರ್ಷವಾಯಿತು. ಮಂಗಳವಾರ ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ಕುಡಿತ ಬಿಟ್ಟವರ ಕೂಟ ಸೇರುತ್ತದಲ್ಲ, ಅಲ್ಲಿ ಬೀಗ ತೆಗೆಯುವವಳು, ಕಾಫಿ ಕಾಯಿಸುವವಳು, ಬಿಲ್ಲೆ ಕೊಡುವವಳು ಎಲ್ಲಾ ಅವಳೇ. ಮೊದಲ ದಿನ ಬಂದವರಿಗೆ ಬಿಳಿ ಬಿಲ್ಲೆ, ಕುಡಿಯದೆ ವರ್ಷ ತುಂಬಿಸಿದವರಿಗೆ ಕಂಚಿನದು. ನಡುವೆ ಒಂದು ಗುಟುಕು ಇಳಿಸಿದರೂ ಮತ್ತೆ ಬಿಳಿಯದರಿಂದಲೇ ಶುರು. ಇಷ್ಟೊಂದು ಒಳ್ಳೆಯವಳ ಕೈಗೆ ಒಬ್ಬ ಮುದುಕ ಸಿಕ್ಕಿಬಿದ್ದ.

ಮುದುಕ ಆರ್ವಿಡ್ ಅವಳ ಮಾಜಿ ಗಂಡನ ಅಪ್ಪ. ಗಂಡ ಕರ್ಟ್ ಅವಳ ದವಡೆ ಮುರಿದಾಗ ಕೋರ್ಟಿನಲ್ಲಿ ಪ್ರಮಾಣ ಮಾಡಿ, "ಸೊಸೆ ಕುಡಿದು ಮೆಟ್ಟಿಲಿಂದ ಉರುಳಿದ್ದು, ನಮ್ಮ ಹುಡುಗ ಮುಟ್ಟಿಲ್ಲ" ಎಂದವನು ಈತನೇ. ಹಾಗೆ ಹೇಳುವಾಗ ಇವನ ಬಾಯಿಯೇ ವಿಸ್ಕಿ ನಾರುತ್ತಿತ್ತು. ಆ ಮಾತು ನಂಬಿ ನ್ಯಾಯಾಧೀಶರು ಮಗು ಇಂಗಾಳನ್ನು ಎರಡು ಚಳಿಗಾಲ ಅಪ್ಪನ ಮನೆಯಲ್ಲಿಟ್ಟರು. ಕೊನೆಗೆ ತಾಯಿಗೆ ಒಪ್ಪಿಸಿದಾಗ ಮಗು ಅವಳನ್ನು ಕಂಡು ಕುರ್ಚಿಯ ಹಿಂದೆ ಬಚ್ಚಿಟ್ಟುಕೊಂಡಿತು. ಅವಳ ಹೊಟ್ಟೆಯಲ್ಲಿ ಬೆಂಕಿ ಇದ್ದದ್ದು ನ್ಯಾಯವೇ. ಅದನ್ನು ಇಲ್ಲ ಎನ್ನುವವನು ನಾನಲ್ಲ.

ಕರ್ಟ್ ಎಣ್ಣೆಬಾವಿಗಳ ಕಡೆ ಹೋದವನು ಪತ್ತೆಯಿಲ್ಲ. ಒಂಟಿಯಾದ ಆರ್ವಿಡ್ ಒಂದು ಮಂಗಳವಾರ ನಡುಗುತ್ತಾ ನೆಲಮಾಳಿಗೆಗೆ ಇಳಿದು ಬಂದ. ಇನ್ನೊಂದು ಕೂಟ ಬೇಕೆಂದರೆ ತೊಂಬತ್ತು ಮೈಲಿ ಹೋಗಬೇಕು. ಬಂದವರನ್ನು ಹೊರಗೆ ಕಳಿಸುವಂತಿಲ್ಲ ಎನ್ನುವುದು ಕೂಟದ ಕಟ್ಟಳೆ. ಅವನು ಎಲ್ಲರ ಮುಂದೆ ಅತ್ತ.

"ನಾನು ಸುಳ್ಳು ಹೇಳ್ದೆ ಕಣಮ್ಮ. ನಂದು ತಪ್ಪು. ಸಾಯೋ ಮುಂಚೆ ಮೊಮ್ಮಗಳನ್ನ ಒಂದ್ಸಲ ತೋರ್ಸು, ಸಾಕು."

ಟ್ವೈಲಾ ಕಾಫಿ ಬಗ್ಗಿಸುತ್ತಲೇ ಹೇಳಿದಳು, "ವರ್ಷದ ಬಿಲ್ಲೆ ತಗೊಳ್ಳಿ ಆರ್ವಿಡ್. ಅವತ್ತೇ ಕರ್ಕೊಂಡು ಬರ್ತೀನಿ."

ತಿಂಗಳೊಪ್ಪತ್ತಿನಲ್ಲಿ ಬಾಟಲಿ ಹಿಡಿಯುತ್ತಾನೆ ಎನ್ನುವ ಧೈರ್ಯದಲ್ಲಿ ಕೊಟ್ಟ ಮಾತು ಅದು. ಆದರೆ ಮುದುಕ ಹಟಮಾರಿ. ಕೈ ನಡುಗಿದರೂ ಬಂದ, ಹಿಮ ಸುರಿದರೂ ಹಳೆಯ ಪಿಕಪ್ ಓಡಿಸಿಕೊಂಡು ಬಂದ, ಮೂಲೆಯ ಕುರ್ಚಿಯಲ್ಲಿ ಕೂತು ಹೋದ. ಬೇಸಿಗೆ ಕಳೆಯಿತು. ಜನವರಿ ಬಂತು. ವರ್ಷಕ್ಕೆ ಇನ್ನು ಮೂರೇ ವಾರ ಉಳಿದಿತ್ತು. ಅವಳಿಗೆ ಊಟ ಸೇರದಾಯಿತು.

ಅಷ್ಟರಲ್ಲಿ ಚರ್ಚನ್ನು ಬೆಚ್ಚಗಿಡುವ ಬಾಯ್ಲರ್ ಒಡೆಯಿತು. ಕೂಟವನ್ನು ಊರಾಚೆಯ ಅಗ್ನಿಶಾಮಕ ಠಾಣೆಗೆ ಸಾಗಿಸಬೇಕಾಯಿತು. ಹಿರಿಯ ಸದಸ್ಯ ಗಾರ್ಡಿ, ಟ್ರ್ಯಾಕ್ಟರ್ ರಿಪೇರಿಯವನು, ಚರ್ಚಿನ ಬಾಗಿಲಿಗೆ ಒಂದು ಚೀಟಿ ಅಂಟಿಸೋಣವೇ ಎಂದು ಕೇಳಿದ.

"ಯಾತಕ್ಕೆ? ನಾನೇ ಎಲ್ಲರಿಗೂ ಫೋನ್ ಮಾಡ್ತೀನಿ ಬಿಡು" ಎಂದಳು ಟ್ವೈಲಾ.

ಮಾಡಿದಳು, ಒಬ್ಬನನ್ನು ಬಿಟ್ಟು.

ಆ ಮಂಗಳವಾರ ಠಾಣೆಯಲ್ಲಿ ಕಾಫಿ ಕಾಯುತ್ತಿದ್ದಾಗ ಅವಳ ಮೊಬೈಲು ಬಡಿದುಕೊಂಡಿತು. ಆರ್ವಿಡ್‌ನ ನಂಬರು. ಅದು ತಾನಾಗಿ ಸುಮ್ಮನಾಗುವವರೆಗೂ ನೋಡುತ್ತಾ ನಿಂತಳು. ಮರುವಾರವೂ ಹಾಗೆಯೇ ಮಾಡಿದಳು. ಮೈಯೆಲ್ಲಾ ಹಗುರಾಯಿತು, ಸುಳ್ಳೇಕೆ ಹೇಳಲಿ, ಅವಳಿಗೆ ಖುಷಿಯಾಯಿತು. ಮುದುಕ ಯಾಕೆ ಕಾಣಲಿಲ್ಲ ಎಂದು ಯಾರೋ ಕೇಳಿದ್ದಕ್ಕೆ, "ಚಳಿ ಅಲ್ವಾ" ಎಂದು ಸಕ್ಕರೆ ಡಬ್ಬಿ ಮುಂದಕ್ಕೆ ತಳ್ಳಿದಳು.

ಮೂರನೆಯ ವಾರ ಗಾರ್ಡಿ ಅವನ ತೋಳು ಹಿಡಿದು ಒಳಗೆ ತಂದ. ಮುದುಕನ ಪ್ಯಾಂಟು ಒದ್ದೆಯಾಗಿತ್ತು.

"ಚರ್ಚಿನ ಎದುರಿನ ಬಾರಲ್ಲಿ ಬಿದ್ದಿದ್ದ. ಬಾಗಿಲು ತಟ್ಟಿ ತಟ್ಟಿ ಸಾಕಾಗಿ ಅಲ್ಲಿಗೆ ಹೋದ್ನಂತೆ" ಎಂದ ಗಾರ್ಡಿ.

"ಕೂಟ ಮುಚ್ಬಿಟ್ರು ಅನ್ಕೊಂಡೆ ಕಣ್ರಪ್ಪಾ" ಎಂದ ಆರ್ವಿಡ್. "ಎಲ್ಲೋದ್ರು ಅಂತ ಕೇಳೋಕೆ ಬಾರಿಗೆ ಹೋದೆ. ಬೆಚ್ಚಗಿತ್ತು. ಕೂತ್ಕೋ ಅಂದ್ರು."

ಗಾರ್ಡಿ ತಿರುಗಿ, "ಟ್ವೈಲಾ, ನೀನು ಇವನಿಗೆ ಹೇಳಿದ್ದೆ ತಾನೆ?" ಎಂದು ಕೇಳಿದ.

ಎಲ್ಲರೂ ಅವಳನ್ನೇ ನೋಡಿದರು. ನಿಜ ಹೇಳುವುದೊಂದೇ ನಮಗೆ ಔಷಧಿ ಎಂದು ಆರು ವರ್ಷದಿಂದ ಬಂದವರಿಗೆಲ್ಲ ಹೇಳಿಕೊಟ್ಟವಳು ಅವಳು.

"ಹೇಳಿದ್ದೆನಲ್ಲಾ ಆರ್ವಿಡ್, ಮರೆತುಬಿಟ್ರಾ?"

ಮುದುಕ ಬಾಯಿ ತೆರೆದ. ನೆನಪಿಸಿಕೊಳ್ಳಲು ನೋಡಿದ. ಅವನ ಮುಖದಲ್ಲಿ ಮೂಡಿದ ಹೆದರಿಕೆಯನ್ನು ಅವಳು ಕಣ್ತುಂಬ ನೋಡಿದಳು.

"ಹೇಳಿರ್ತೀಯ ಬಿಡಮ್ಮ. ಈ ಹಾಳು ತಲೆ ಪೂರಾ ಕೆಟ್ಟೋಗಿದೆ, ನನಗೆ ಗೊತ್ತೇ ಆಗಿಲ್ಲ. ಸುಮ್ನೆ ನಿಮ್ಮನ್ನೆಲ್ಲ ಬೈಕೊಂಡೆ."

ಅವಳು ಎದ್ದು ಬಿಳಿ ಬಿಲ್ಲೆ ಕೊಟ್ಟಳು. ಪದ್ಧತಿಯಂತೆ ಎಲ್ಲರೂ ಚಪ್ಪಾಳೆ ತಟ್ಟಿದರು.

"ಹಂಗಾದ್ರೆ ಇಂಗಾಳನ್ನ ನೋಡೋದು..." ಎಂದ ಮುದುಕ.

"ಮಾತು ಅಂದ್ರೆ ಮಾತು. ವರ್ಷ ಆಗ್ಲಿ."

ಅವನ ಲಿವರ್‌ಗೆ ಡಾಕ್ಟರು ಅಷ್ಟು ಕಾಲ ಕೊಟ್ಟಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಆರ್ವಿಡ್ ತಲೆಯಾಡಿಸಿ, ಗಾರ್ಡಿಯ ಜೇಬಿನಿಂದ ಪೆನ್ನು ಎಳೆದುಕೊಂಡು, ಅಂಗೈ ಬಿಡಿಸಿ ಅವಳ ಮುಂದೆ ಹಿಡಿದ.

"ಮುಂದಿನ ವಾರ ಎಲ್ಲಿ ಅಂತ ಇಲ್ಲಿ ಬರೆದುಬಿಡಮ್ಮ. ನನ್ನನ್ನ ನಾನೇ ನಂಬೋ ಹಂಗಿಲ್ಲ."

ಅವಳು ಆ ಕೈ ಹಿಡಿದು ದುಂಡಗೆ ಬರೆದಳು. ಮುದುಕ ಅದನ್ನು ಎರಡು ಸಲ ಓದಿಕೊಂಡ.

"ಇಷ್ಟೆಲ್ಲಾ ಆದ್ಮೇಲೂ ನೀನೊಬ್ಬಳು ನನ್ನ ಕೈ ಬಿಟ್ಟಿಲ್ಲ" ಎಂದು ಅತ್ತ.