ಮಲ್ಲೇಶ್ವರಕ್ಕೆ ಹೊರಟ ಐರಿಶ್ ವಿಸ್ಕಿ

ಕ್ರಿಸ್‌ಮಸ್ ಮುಗಿದ ಮರುದಿನ ಬೆಳಿಗ್ಗೆ ಅವಲಕ್ಕಿ ತಿಂದು ಎನ್.ಆರ್. ಕಾಲೋನಿಯಲ್ಲಿ ಬಸ್ಸು ಹತ್ತಿದೆ. ಹೆಗಲಲ್ಲಿ ಬಟ್ಟೆಯ ಚೀಲ. ಮೊದಲು ದಂಡಿನ, ಎಂದರೆ ಕಂಟೋನ್ಮೆಂಟ್ ಕಡೆಯ ಒಂದು ಮದ್ಯದಂಗಡಿ, ಅಲ್ಲಿಂದ ಮಲ್ಲೇಶ್ವರದಲ್ಲಿ ಶೀನಿಯ ಮನೆ: ಇಷ್ಟೇ ಪ್ರವಾಸ. ಟಿಕೆಟ್ಟು ನಾಲ್ಕು ರೂಪಾಯಿ ಎಂದು ನೆನಪು. ಐದೂ ಇರಬಹುದು, ಎರಡು ಸಾವಿರದ ಆಚೀಚಿನ ವರ್ಷಗಳು ನನ್ನ ತಲೆಯಲ್ಲಿ ಕಲಸಿಹೋಗಿವೆ.

ಶೀನಿ ನನ್ನ ಎಂ.ಎ. ಸಹಪಾಠಿ, ನನ್ನ ಹಾಗೆಯೇ ಕಾಲೇಜು ಮೇಷ್ಟ್ರು. ಪ್ರತಿ ಡಿಸೆಂಬರ್ ರಜೆಯಲ್ಲಿ ಒಂದು ಸಂಜೆ ನಮ್ಮ ಮಹಡಿಯ ಕೋಣೆಗೆ ಬರುತ್ತಿದ್ದ. ಸ್ಟೀಲ್ ಲೋಟದಲ್ಲಿ ವಿಸ್ಕಿ, ತಟ್ಟೆಯಲ್ಲಿ ಕೋಡುಬಳೆ. ಯಾರಾದರೂ ಮೆಟ್ಟಿಲು ಹತ್ತಿದರೆ ಅದು ಕಾಫಿ. ಆ ವರ್ಷ ಬೇಸಿಗೆಯಲ್ಲಿ ಅವನ ಹೆಂಡತಿ ವಸುಧಾ ತೀರಿಕೊಂಡಳು. ಆಮೇಲೆ ಶೀನಿ ಕಾಲೇಜು ಬಿಟ್ಟರೆ ಮನೆ, ಅಷ್ಟೇ. "ಈ ಸಲ ಬೇಡ ಕಣೋ" ಎಂದು ಫೋನಿನಲ್ಲಿ ಹೇಳಿದ್ದ. ಈ ಸಲ ತಪ್ಪಿದರೆ ಇನ್ನು ಅವನು ಬರುವುದೇ ಇಲ್ಲ ಎಂಬ ಭಯ ನನಗೆ. ವಿಚಾರ ಸಂಕಿರಣಕ್ಕೆಂದು ಡಬ್ಲಿನ್‌ಗೆ ಹೋದಾಗ ಕುಡಿದ ಐರಿಶ್ ವಿಸ್ಕಿಯೊಂದನ್ನು ಅವನು ವರ್ಷಗಟ್ಟಲೆ ಹೊಗಳಿದ್ದ. ಹೆಸರು ಅವನಿಗೇ ಮರೆತಿತ್ತು. ಅದನ್ನು ಮುಂದಿಟ್ಟರೆ ಬಂದಾನು ಎನಿಸಿತು.

"ಐರಿಶ್ಶಾ ಸಾರ್? ಎಲ್ಲಾರೂ ಸ್ಕಾಚ್ ಕೇಳ್ತಾರೆ" ಎಂದ ಅಂಗಡಿಯ ಜೋಸೆಫ್, ಹಿಂದಿನ ಕಪಾಟಿನಿಂದ ಮೂರು ಬಾಟಲಿ ತಂದ. ಮೂರೂ ಅವನು ತನಗಾಗಿ ಸೀಲು ಒಡೆದಿಟ್ಟುಕೊಂಡವು. "ಹಬ್ಬದ ಟೈಮು, ಒಂದೊಂದ್ ಮುಚ್ಚಳ ಕುಡಿದ್ ನೋಡಿ."

ಮೊದಲನೆಯದು ಮೂರು ಸಲ ಬಟ್ಟಿ ಇಳಿಸಿದ್ದು. ಗಂಟಲಿಗೆ ಗೊತ್ತೇ ಆಗದ ಹಾಗೆ ಇಳಿಯಿತು. ಎರಡನೆಯದಕ್ಕೆ ಮೊಳಕೆ ಬರಿಸಿದ ಬಾರ್ಲಿಯ ಜೊತೆ ಮೊಳಕೆ ಬರಿಸದ ಬಾರ್ಲಿಯನ್ನೂ ಹಾಕುತ್ತಾರಂತೆ. ಎಣ್ಣೆಯಂತೆ ನಾಲಿಗೆಗೆ ಅಂಟಿ ಕೊನೆಯಲ್ಲಿ ಲವಂಗದ ಖಾರ ಬಿಟ್ಟಿತು. ಮೂರನೆಯದರಲ್ಲಿ ಹೊಗೆಯ ವಾಸನೆ, ಐರ್ಲೆಂಡಿನಲ್ಲಿ ಅದು ಅಪರೂಪವಂತೆ. ಶೀನಿ ಹೇಳಿದ್ದು ಲವಂಗವೋ ಹೊಗೆಯೋ? ಎರಡನ್ನೂ ಅವನ ದನಿಯಲ್ಲೇ ಕೇಳಿಸಿಕೊಳ್ಳಬಲ್ಲವನಾಗಿದ್ದೆ.

"ನಿಮ್ ಫ್ರೆಂಡ್‌ಗೆ ಏನಿಷ್ಟ ಸಾರ್?"

"ಮಾತಾಡೋದು."

"ಹಂಗಾದ್ರೆ ಎರಡನೇದು. ನಿಧಾನಕ್ಕೆ ಖಾಲಿಯಾಗುತ್ತೆ."

ಅದರದೇ ಹೊಸ ಬಾಟಲಿ ಕೊಂಡು, ಪಕ್ಕದಲ್ಲೇ ಒಂದು ದೋಸೆ ತಿಂದು ಮಲ್ಲೇಶ್ವರದ ಬಸ್ಸು ಹಿಡಿದೆ. ಬಿಸಿಲಿದ್ದರೂ ಗಾಳಿ ತಣ್ಣಗಿತ್ತು. ಮಲ್ಲೇಶ್ವರ ಸೇರುತ್ತಲೇ ಬಸ್ಸು ನಿಂತುಬಿಟ್ಟಿತು. ದೇವಸ್ಥಾನದ ಸರತಿ ರಸ್ತೆಯವರೆಗೆ ಬಂದಿತ್ತು, ಎಲ್ಲರ ಕೈಯಲ್ಲೂ ತುಳಸಿ. "ವೈಕುಂಠ ಏಕಾದಶಿ ಅಲ್ವಾ ಸಾರ್, ನಡ್ಕೊಂಡ್ ಹೋದ್ರೆ ಬೇಗ ಸೇರ್ತೀರ" ಎಂದ ಕಂಡಕ್ಟರ್.

ಬೆಳಿಗ್ಗೆ ಮನೆಯಲ್ಲಿ ಅವಲಕ್ಕಿ ಮಾಡಿದ್ದು ಏಕಾದಶಿಯ ಫಲಾಹಾರವೆಂದು ಆಗ ಅರ್ಥವಾಯಿತು. ಪ್ರತಿ ವರ್ಷ ಪಂಚಾಂಗ ನೋಡಿ ನಮ್ಮ ಸಂಜೆಯನ್ನು ಗೊತ್ತು ಮಾಡುತ್ತಿದ್ದವಳು ವಸುಧಾ. "ಏಕಾದಶಿ ಒಂದು ಬಿಟ್ಟು ಯಾವತ್ತಾದ್ರೂ ಕುಡಕೊಳ್ಳಿ" ಎನ್ನುತ್ತಿದ್ದಳು. ಬಾಟಲಿ ಹೊತ್ತು ಆ ಮನೆಗೆ ಹೋಗುವುದೇ, ಹಿಂದಿರುಗುವುದೇ ಎಂದು ಫುಟ್‌ಪಾತಿನ ಮೇಲೆ ನಿಂತು ಯೋಚಿಸಿದೆ. ಹಿಂದಿರುಗಿದರೆ ಮತ್ತೆ ಬರುವ ಧೈರ್ಯವಾಗಲಿಕ್ಕಿಲ್ಲ ಎನಿಸಿ ನಡೆದೆ.

ಶೀನಿ ವರಾಂಡದಲ್ಲಿದ್ದ, ಮೈ ಇಳಿದುಹೋಗಿತ್ತು. "ಚೀಲದಲ್ಲೇನೋ?"

"ಏನಿಲ್ಲ."

"ಏಕಾದಶಿ ದಿನ ಏನಿಲ್ಲ ಹೊತ್ಕೊಂಡ್ ಬಂದಿದೀಯ. ಅವಳಿದ್ದಿದ್ರೆ ಗೇಟಲ್ಲೇ ನಿಲ್ಲಿಸ್ತಿದ್ಲು." ನಕ್ಕ. "ನಾನೂ ಇವತ್ತು ಉಪವಾಸ. ಅವಳದ್ದು ಯಾರಾದ್ರೂ ಮಾಡ್ಬೇಕಲ್ಲ."

ಚೀಲಕ್ಕೆ ಕೈಹಾಕಿ ಬಾಟಲಿ ತೆಗೆದು, ಸೀಲು ಒಡೆದು ಮೂಗಿನ ಹತ್ತಿರ ಹಿಡಿದ.

"ನಾನ್ ಹೇಳಿದ್ದು ಇದಲ್ಲ ಕಣೋ. ಅದರಲ್ಲಿ ಹೊಗೆ ಇತ್ತು."

"ಅದನ್ನೇ ತಂದ್ಕೊಡ್ತೀನಿ."

"ಸುಮ್ನಿರು. ಇದನ್ನ ನಾನು ಕುಡಿದೇ ಇಲ್ಲ." ಮುಚ್ಚಳ ತಿರುಗಿಸಿದ. "ನಾಳೆ ಬೆಳಿಗ್ಗೆ ಪಾರಣೆ ಮುಗಿಸಿ ಉಪವಾಸ ಬಿಡ್ತೀನಿ. ಸಾಯಂಕಾಲ ಬರ್ತೀನಿ. ಬಾಟ್ಲಿ ಇಲ್ಲೇ ಇರ್ಲಿ, ನಾನೇ ತರ್ತೀನಿ. ನೀನು ತಗೊಂಡ್ ಹೋದ್ರೆ ನನ್ನ ಮನಸ್ಸು ಬದಲಾದ್ರೂ ಆಯ್ತು."

ಚಪ್ಪಲಿ ಮೆಟ್ಟಿಕೊಂಡು ಸ್ಟಾಪಿನವರೆಗೂ ಬಂದ. ಸರತಿ ಇನ್ನೂ ಕರಗಿರಲಿಲ್ಲ. "ನಿಮ್ಮನೆ ಕಡೆಗೆ ಈಗ್ಲೂ ಅದೇ ಬಸ್ಸೇನೋ?" ಎಂದು ಕೇಳಿದ. ಅದೇ ಎಂದೆ. ನನ್ನ ಬಸ್ಸು ಹೊರಟ ಮೇಲೆ ಕಿಟಕಿಯಿಂದ ಹೊರಳಿ ನೋಡಿದೆ. ನನ್ನ ಮಾತನ್ನು ಪೂರ್ತಿ ನಂಬದೆ, ಕನ್ನಡಕ ಹಣೆಗೇರಿಸಿ, ಹಿಂದೆ ಬಂದ ಬಸ್ಸಿನ ಬೋರ್ಡು ಓದುತ್ತಿದ್ದ.